ಬಗ್ಗಿ ಒರೆಸುವಾಗಿನ ಇಂಗ್ಲಿಷು

ಕೆಸೆನ್ನುಮಾ ಬಂದರು,
ನವೆಂಬರ್ ಹದಿನಾಲ್ಕು

ಮುದ್ದಿನ ಚಿಜುರುವಿಗೆ ತಾಕೆಜೋ ಮಾವನ ಆಶೀರ್ವಾದಗಳು.

ಜ್ವರ ಬಿಟ್ಟಿತೇ? ಗಂಟಲು ಹೇಗಿದೆ? ನಿನ್ನಮ್ಮ, ಆ ನನ್ನ ಅಕ್ಕ, ಬರೀ ಗಂಜಿ ಕುಡಿಸಿ ಸಾಯಿಸುತ್ತಿರಬೇಕು. ಉಪ್ಪು ಹಾಕಿದ ಉಮೆ ಹಣ್ಣನ್ನು ಕದ್ದಾದರೂ ತಿನ್ನು. ನಾನು ಸೌಖ್ಯ, ಸೊಂಟ ಒಂದನ್ನು ಬಿಟ್ಟು.

"ಮಾವ, ಇಂಗ್ಲಿಷ್ ಕ್ಲಾಸ್ ಮುಚ್ಚಿಬಿಡಿ, ನನ್ನ ಕೈಲಿ ಇನ್ನಾಗಲ್ಲ" ಎಂದು ಹೋದೆಯಲ್ಲ, ನಾನು ಮುಚ್ಚಲಿಲ್ಲ, ನಾನೇ ಪಾಠಕ್ಕೆ ನಿಂತೆ. ಟ್ಯೂನಾ ಮೀನು ಹಿಡಿಯುವ ಹಡಗಿನಲ್ಲಿ ಅರ್ಧ ಪ್ರಪಂಚ ಸುತ್ತಿ, ಬಂದರು ಬಂದರಿನಲ್ಲೂ ಇಂಗ್ಲಿಷಿನಲ್ಲೇ ಜಗಳವಾಡಿ ಗೆದ್ದವನು. ನನ್ನ ಅಂಗಡಿ ಮಹಡಿಯ ಮೇಲೆ ನೀನು ಕಲಿಸುವ ಮಕ್ಕಳು ಯಾವ ಲೆಕ್ಕ ಎಂದುಕೊಂಡೆ. ಮೊದಲ ಸಂಜೆಯೇ ಸುಸ್ತಾದೆ. ಬಣ್ಣಗಳ ಹೆಸರೂ ಬಾರದ ದೈಗೋ ಒಂದು ಕಡೆ, ಕೆನಡಾದಲ್ಲಿ ಬೆಳೆದು ಬಂದ ಹೊನೋಕಾ ಇನ್ನೊಂದು ಕಡೆ. ಅವನಿಗೆ ಹೇಳಿದರೆ ಅವಳು ಕಿಟಕಿ ನೋಡುತ್ತಾಳೆ. ಅವಳಿಗೆ ಹೇಳೋಣವೆಂದರೆ ನನಗೇ ಬಾರದು (ಇದು ನಮ್ಮಿಬ್ಬರಲ್ಲೇ ಇರಲಿ). ಆಕೆಯೋ ಬೇಕೆಂದೇ ನಮ್ಮೂರ ಮಕ್ಕಳ ಹಾಗೆ ಮುರಿದು ಮುರಿದು ಉಚ್ಚರಿಸುತ್ತಾಳೆ. ಸರಿಯಾಗಿ ಓದಿದ ದಿನ ಶಾಲೆಯಲ್ಲಿ "ಓಹೋ, ಫಾರಿನ್ ಮೇಡಂ ಬಂದ್ರು!" ಎಂದು ಆಡಿಕೊಂಡರಂತೆ. ನಿನ್ನನ್ನು ಹಾಸಿಗೆ ಹಿಡಿಸಿದ್ದು ಜ್ವರವಲ್ಲ, ಇವರನ್ನು ಒಂದೇ ನೊಗಕ್ಕೆ ಕಟ್ಟುವ ಕೆಲಸ.

ಹೋದ ವಾರ ಒಂದು ಸಂಜೆ ಪಾಠ ಹೇಳುವ ತ್ರಾಣವೇ ಇರಲಿಲ್ಲ. ಕೊನೆಯಲ್ಲಿ ಎಲ್ಲರೂ ಸೇರಿ ನೆಲ ಒರೆಸುತ್ತಾರಲ್ಲ, ಅದನ್ನೇ ಮೊದಲು ಮಾಡಿಸಿದೆ. "ಓಡ್ತಾ ಇಂಗ್ಲಿಷಲ್ಲಿ ಕೂಗ್ರೋ! ತಲೆ ಎತ್ತಿದೋರಿಗೆ ಇನ್ನೊಂದು ಸುತ್ತು!" ಒದ್ದೆ ಬಟ್ಟೆಯನ್ನು ಎರಡೂ ಕೈಲಿ ನೆಲಕ್ಕೆ ಒತ್ತಿಕೊಂಡು ಮಕ್ಕಳು ಸಾಲಾಗಿ ಓಡಿದವು, ತಲೆ ಕೆಳಗೆ, ಕುಂಡಿ ಮೇಲೆ. ಯಾರ ಬಾಯಿಂದ ಏನು ಬಂತೋ ಯಾರಿಗೆ ಗೊತ್ತು? ದೈಗೋ ತನಗೆ ಬರುವ "ಫಿಶ್! ಫಿಶ್!" ಅರಚಿದ. ಆ ಗದ್ದಲದೊಳಗೇ ನೀರು ಹರಿದ ಹಾಗೆ ಒಂದು ಇಂಗ್ಲಿಷು ಕೇಳಿತು. ದೈಗೋ ಬಟ್ಟೆ ಬಿಟ್ಟು ಎದ್ದ. "ಏಯ್ ಹೊನೋಕಾ, ಅದೇನೇ ಅದು? ನಂಗೂ ಹೇಳ್ಕೊಡೇ!" ಒಬ್ಬರೂ ಆಡಿಕೊಳ್ಳಲಿಲ್ಲ. ನಾನು ಮಾತ್ರ, "ತಲೆ ಎತ್ತಿದೆ ಮಗನೇ, ಇನ್ನೊಂದು ಸುತ್ತು!" ಎಂದೆ. ಅವನ ಜೊತೆ ಅವಳೂ ಓಡಿದಳು, ಹೇಳಿಕೊಡುತ್ತಾ.

ಈಗ ದಿನವೂ ಒರೆಸುತ್ತೇವೆ. ಇಂಥ ಉಪಾಯ ಯಾವ ಪ್ರೊಫೆಸರನಿಗೂ ಹೊಳೆದಿಲ್ಲ, ಬೇಕಾದರೆ ವಿಚಾರಿಸು. ಆದರೆ ಮಗಳೇ, ಒರೆಸಿ ಆದ ಮೇಲೆ ಎಲ್ಲರೂ ಕೂತು ನನ್ನ ಮುಖ ನೋಡುತ್ತಾರೆ. ಮುಂದಿನ ಪಾಠ ನನ್ನಲ್ಲಿಲ್ಲ. ದಣಿದಿದ್ದೇನೆ.

ಅಕ್ಕನಿಗೆ ನಮಸ್ಕಾರ ಹೇಳು, ಬೈಗುಳ ತಪ್ಪಿಸಿಕೊಳ್ಳುವಷ್ಟು ದೊಡ್ಡದು.

ನಿನ್ನ ಮಾವ,
ತಾಕೆಜೋ

ಮರೆತಿದ್ದೆ, ಕೆಳಗೆ ಗಿರಾಕಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ: ನಿನ್ನೆ ಹೊನೋಕಾ ಎದ್ದು ನಿಂತು, ಎಲ್ಲರೆದುರು, ತಲೆ ಎತ್ತಿಕೊಂಡೇ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಎಲ್ಲಾ ಬಲ್ಲವನ ಹಾಗೆ "ಯೆಸ್, ಯೆಸ್" ಎಂದುಬಿಟ್ಟೆ. ಮಕ್ಕಳು ಕುಣಿದಾಡಿದರು. ಆಮೇಲೆ ದೈಗೋ ನನಗೆ ಅರ್ಥ ಹೇಳಿದ, "ಟೀಚರ್ ವಾಪಸ್ ಬರ್ತಾರಾ ಅಂತ ಕೇಳಿದ್ಳು ಅಜ್ಜಾ." ಹೌದು, ಬಣ್ಣಗಳ ಹೆಸರೂ ಬಾರದಿದ್ದ ಅದೇ ದೈಗೋ!