ದಕ್ಷಿಣಕ್ಕೆ ಸರಿದ ಸೇತುವೆ

ಗೈದರ್ಸ್‌ಬರ್ಗ್
9 ನವೆಂಬರ್ 2025

ಚಿ. ಶ್ರಾವಣಿಗೆ ಅಕ್ಕ ರಾಜಲಕ್ಷ್ಮಿಯ ಆಶೀರ್ವಾದ.

ದಸರೆಗೆ ಬಂದ ನಿನ್ನ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ನಾವು ಆರೋಗ್ಯ. ನಿನ್ನ ಭಾವನ ಮಂಡಿನೋವು ಇದ್ದದ್ದೇ. ಹಿತ್ತಿಲ ತುಂಬ ಬಿದ್ದ ಎಲೆಗಳನ್ನು ಬಾಚುವಾಗ ಮಾತ್ರ ಜಾಸ್ತಿಯಾಗುತ್ತದೆ. ನಿಮ್ಮ ಊರು ಸುವಾನಿಯಲ್ಲಿ ಇನ್ನೂ ಸೆಕೆ ಅಂತ ಬರೆದಿದ್ದೀಯ. ಇಲ್ಲಿ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕೆರೆಯುವ ಕಾಲ ಬಂತು. ನನಗೆ ಆ ಕೆಲಸವೂ ಇಲ್ಲ. ಬೆಳಿಗ್ಗೆ ಹೋಗುವುದಕ್ಕೆ ಆಫೀಸೇ ಇಲ್ಲವಲ್ಲ.

ಹೌದು, ನನ್ನನ್ನು ತೆಗೆದುಹಾಕಿದರು. ಬೇರೆ ಯಾರ ಬಾಯಿಂದಲೋ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿನಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಸಿಟ್ಟು ಬಂದವಳು ಕಥೆಯನ್ನು ಮೊದಲಿಂದಲೇ ಹೇಳುತ್ತಾಳೆ, ಸಹಿಸಿಕೋ.

ಅಸ್ಸಾಮಿನ ಆ ಟೀ ತೋಟದ ಎರಡು ಬದಿಗೆ ಎರಡು ತುಂಡು ಕಾಡು. ಪಶ್ಚಿಮದ ತುಂಡಿನಲ್ಲಿ ಗಿಬ್ಬನ್‌ಗಳ ಎರಡು ಸಂಸಾರ, ಪೂರ್ವದ ತುಂಡಿನಲ್ಲಿ ಒಂದೇ ಒಂದು ಹೆಣ್ಣು. ಬೆಳಗಾದರೆ ಜೋಡಿ ಹುಡುಕಿ ಹಾಡುತ್ತಿದ್ದ ಅದರ ದನಿಯನ್ನು ಮೊದಲು ರೆಕಾರ್ಡ್ ಮಾಡಿದವಳು ನೀನು, ನಮ್ಮ ಸಂಸ್ಥೆಯ ಪರವಾಗಿ ಗಿಬ್ಬನ್ ಅಧ್ಯಯನಕ್ಕೆ ಅಲ್ಲಿಗೆ ಹೋಗಿದ್ದಾಗ. ಫೋನಿನಲ್ಲಿ ನನಗೆ ಕೇಳಿಸಿದ್ದೆ, ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದೆ. ನೆಲಕ್ಕೆ ಇಳಿಯದ, ಬಾಲವಿಲ್ಲದ ವಾನರ ಅದು. ಕೊಂಬೆಯಿಂದ ಕೊಂಬೆಗೆ ದಾರಿ ಇದ್ದರೆ ಮಾತ್ರ ಅದಕ್ಕೆ ಲೋಕ ಇದೆ. ಆ ದಾರಿಯನ್ನು ಮ್ಯಾಪಿನಲ್ಲಿ ಹುಡುಕುವುದು ನನ್ನ ಕೆಲಸವಾಗಿತ್ತು. ತೋಟದ ಉತ್ತರದ ಅಂಚಿನಲ್ಲಿ, ತೊರೆಯ ಪಕ್ಕ, ಹಳೆಯ ಆಲದ ಸಾಲು ಸಿಕ್ಕಿತು. ನಡುವೆ ಒಂದು ಸಣ್ಣ ರಸ್ತೆ, ಕರೆಂಟ್ ತಂತಿ, ಅಷ್ಟೇ. ಅಲ್ಲೊಂದು ಹಗ್ಗದ ಸೇತುವೆ ಕಟ್ಟಿ, ತಂತಿಗೆ ಹೊದಿಕೆ ಹಾಕಿಸಿ, ಪಕ್ಕದಲ್ಲಿ ಗಿಡ ನೆಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಎರಡು ಕಾಡು ಒಂದಾಗುತ್ತಿತ್ತು.

ಈ ವರ್ಷ ನಮ್ಮ ಸಂಸ್ಥೆಗೆ ಬರುತ್ತಿದ್ದ ಇಲ್ಲಿನ ಸರ್ಕಾರದ ಗ್ರಾಂಟ್ ನಿಂತಿತು. ನಮ್ಮ ಡೈರೆಕ್ಟರ್ ಹರಿಪ್ರಸಾದರಿಗೆ ದಾನಿಗಳ ಮನೆಬಾಗಿಲೇ ಗತಿಯಾಯಿತು. ಅವರನ್ನು ನೀನು ಬಲ್ಲೆ. ಕಾಡಿಗೆ ಹೋಗಿ ಬಂದರೂ ಇಸ್ತ್ರಿ ಮುರಿಯದ ಮನುಷ್ಯ. ಜಿಗಣೆ ಕೂಡ ಅವರನ್ನು ಹತ್ತಿದ್ದು ನಾನು ಕಾಣೆ. ನೆಂಟರ ರಕ್ತ ಕುಡಿಯಬಾರದು ಅಂತ ಅದಕ್ಕೂ ಗೊತ್ತಿರಬೇಕು. ಸಿಕ್ಕಿದ ದಾನಿ ಆಶ್‌ಬರ್ನ್‌ನ ಸುರೇಶ. ಮರ ಇದ್ದ ಜಾಗವನ್ನೆಲ್ಲ ಕೊಂಡು, ಬೋಳಿಸಿ, ಡೇಟಾ ಸೆಂಟರುಗಳಿಗೆ ಮಾರಿ ದೊಡ್ಡವರಾದವರು. ಈಗ ಅವರಿಗೆ ಕಾಡಿನ ಮೇಲೆ ಪ್ರೀತಿ ಉಕ್ಕಿದೆ, ಅದೂ ಹನ್ನೆರಡು ಸಾವಿರ ಕಿಲೋಮೀಟರ್ ಆಚೆಗಿನ ಕಾಡಿನ ಮೇಲೆ. ಸೇತುವೆ ಗೆಸ್ಟ್ ಹೌಸಿನ ವರಾಂಡದಿಂದ ಕಾಣಬೇಕು, ಕಾರು ಹತ್ತಿರದವರೆಗೂ ಹೋಗಬೇಕು, ಡ್ರೋನಿನಲ್ಲಿ ಚೆನ್ನಾಗಿ ಬರಬೇಕು ಅಂದರು. ಹರಿಪ್ರಸಾದ ತಲೆಯಾಡಿಸಿಕೊಂಡು ಬಂದರು. ನನ್ನ ಮ್ಯಾಪಿನ ಗೆರೆಯನ್ನು ತೋಟದ ದಕ್ಷಿಣದ ಅಂಚಿಗೆ ಎಳೆಯಬೇಕಂತೆ. ಅಲ್ಲಿ ಟೀ ಗಿಡ ಬಿಟ್ಟರೆ ನೆರಳಿಗೂ ಮರವಿಲ್ಲ.

ಮೀಟಿಂಗಿನಲ್ಲಿ ನಾನು ಆಗುವುದಿಲ್ಲ ಅಂದೆ. ಅವರು ನಕ್ಕರು. "ಸ್ವಲ್ಪ ದಕ್ಷಿಣಕ್ಕೆ ಸರಿಸಿದರೆ ಆಕಾಶ ಬಿದ್ದುಹೋಗುತ್ತಾ, ರಾಜಲಕ್ಷ್ಮಿ?" ಅಂದರು.

"ಆಕಾಶ ಬೀಳಲ್ಲ. ಗಿಬ್ಬನ್ ಬೀಳುತ್ತೆ," ಅಂದೆ.

ಟೇಬಲ್ಲಿನ ಸುತ್ತ ಇದ್ದವರೆಲ್ಲ ಲ್ಯಾಪ್‌ಟಾಪ್ ನೋಡಿಕೊಂಡರು. ಇವರೆಲ್ಲ ಕಾಡಿನ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು. ಸೇತುವೆ ದಕ್ಷಿಣದಲ್ಲೇ ಆಯಿತು, ಸುರೇಶರ ಹೆಸರಿನ ಹಿತ್ತಾಳೆ ಫಲಕದ ಸಮೇತ. ಉತ್ತರದ ತಂತಿಯ ಹೊದಿಕೆಗೆ ಮಾತ್ರ ದುಡ್ಡು ಉಳಿಯಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅಮ್ಮ ಹೇಳುತ್ತಿದ್ದದ್ದು ಇಂಥವರನ್ನು ನೋಡಿಯೇ ಇರಬೇಕು.

ಆಗಸ್ಟಿನಲ್ಲಿ ಏನಾಯಿತು ಅಂತ ಆವತ್ತೇ ಫೋನಿನಲ್ಲಿ ಹೇಳಿದ್ದೆ. ಅಲ್ಲಿ ನಮ್ಮ ಕೆಲಸ ನೋಡಿಕೊಳ್ಳುವ ಸೌರಭ್ ಆಮೇಲೆ ವಿವರ ತಿಳಿಸಿದ. ಪಶ್ಚಿಮದ ಸಂಸಾರದಲ್ಲಿ ಪ್ರಾಯಕ್ಕೆ ಬಂದಿದ್ದ ಗಂಡು ಆ ಒಂಟಿ ಹೆಣ್ಣಿನ ಹಾಡಿಗೆ ಓಗೊಡಲು ಶುರುಮಾಡಿತ್ತಂತೆ. ಕೊನೆಗೊಂದು ಬೆಳಿಗ್ಗೆ ಉತ್ತರದ ಆಲದ ಸಾಲು ಹಿಡಿದು ಹೊರಟಿತು, ನನ್ನ ಮ್ಯಾಪಿನಲ್ಲಿ ಇದ್ದ ಹಾಗೆಯೇ. ರಸ್ತೆಯ ಹತ್ತಿರ ಕೊಂಬೆ ಮುಗಿಯಿತು. ತಂತಿಗೆ ಕೈ ಹಾಕಿತು. ಪೂರ್ವದ ಹೆಣ್ಣು ಆ ಬೆಳಿಗ್ಗೆ ಎಷ್ಟೋ ಹೊತ್ತು ಕೂಗುತ್ತಿತ್ತಂತೆ.

ಹರಿಪ್ರಸಾದರ ಅಪ್ಪಣೆಯಾಯಿತು: ವಾರ್ಷಿಕ ಔತಣ ಮುಗಿಯುವವರೆಗೆ ಯಾರೂ ಇದರ ಬಗ್ಗೆ ಬಾಯಿ ಬಿಡಬಾರದು.

ಔತಣ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ. ಒಬ್ಬೊಬ್ಬರ ತಟ್ಟೆಯ ಪಕ್ಕಕ್ಕೂ ಒಂದೊಂದು ಗಿಬ್ಬನ್ ಗೊಂಬೆ ಇಟ್ಟಿದ್ದರು. ಗೊಂಬೆಗೆ ಉದ್ದನೆಯ ಬಾಲ! ವಾನರ ಯಾವುದು, ಕೋತಿ ಯಾವುದು ಅಂತ ತಿಳಿಯದವರು ವಾನರವನ್ನು ಉಳಿಸಲು ಹೊರಟಿದ್ದಾರೆ. ಪಕ್ಕದಲ್ಲಿದ್ದ ಹೆಂಗಸು ಅದನ್ನು ಬ್ಯಾಗಿಗೆ ಹಾಕಿಕೊಳ್ಳುತ್ತ, ತನ್ನ ನಾಯಿಗೆ ಇಂಥವು ಬಹಳ ಇಷ್ಟ ಅಂದಳು. ಆಮೇಲೆ ಫಿಲ್ಮ್ ಹಾಕಿದರು. ಸಂಜೆಯ ಬೆಳಕು, ಕೊಳಲು, ಸೇತುವೆಯ ಮೇಲೆ ಓಡಿ ದಾಟುವ ಒಂದು ಪ್ರಾಣಿ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹರಿಪ್ರಸಾದ ಕಣ್ಣೊರೆಸಿಕೊಂಡರು, ಕರ್ಚೀಫೂ ಇಸ್ತ್ರಿಯದ್ದೇ. ನಂತರ, ಈ ದಾರಿಯನ್ನು ಕಂಡುಹಿಡಿದವರು ಇವರೇ ಅಂತ ನನ್ನನ್ನು ವೇದಿಕೆಗೆ ಕರೆದರು.

ಹೋದೆ. ಈ ದಾರಿ ನನ್ನದಲ್ಲ ಅಂದೆ. ಈ ಸೇತುವೆಯನ್ನು ಇವತ್ತಿನವರೆಗೆ ಒಂದು ಗಿಬ್ಬನ್ನೂ ದಾಟಿಲ್ಲ, ನಾನು ತೋರಿಸಿದ್ದ ಜಾಗದಲ್ಲಿ ದಾಟಲು ಹೋದದ್ದು ಸತ್ತಿದೆ, ನೀವು ಚಪ್ಪಾಳೆ ತಟ್ಟುವುದು ಮುಗಿಯಲಿ ಅಂತ ಅದರ ಸಾವನ್ನು ಮುಚ್ಚಿಟ್ಟಿದ್ದರು ಅಂತ ಹೇಳಿದೆ. ದನಿ ನಡುಗಲಿಲ್ಲ, ಶ್ರಾವಣಿ. ಅಷ್ಟು ತಾತ್ಸಾರ ತುಂಬಿತ್ತು, ನಡುಗುವುದಕ್ಕೆ ಜಾಗವಿರಲಿಲ್ಲ.

ಮುಂದಿನ ಸಾಲಿನಿಂದ ಸುರೇಶ ಕನ್ನಡದಲ್ಲೇ ಕೇಳಿದರು, "ಹಾಗಾದ್ರೆ ಫಿಲ್ಮಲ್ಲಿ ದಾಟಿದ್ದು ಏನ್ರೀ?"

"ಕೋತಿ, ಸರ್. ಬಾಲ ಇತ್ತಲ್ಲ, ನೋಡ್ಲಿಲ್ವಾ?"

ಅವರು ಹರಿಪ್ರಸಾದರ ಕಡೆ ತಿರುಗಿದರು. ಹರಿಪ್ರಸಾದ ಮೈಕ್ ಕಿತ್ತುಕೊಂಡು, ಡೆಸರ್ಟ್ ಬರುತ್ತಿದೆ ಅಂತ ಪ್ರಕಟಿಸಿದರು. ಜನ ಕೂತು ತಿಂದರು. ಅದೇ ನನಗೆ ಆಶ್ಚರ್ಯ. ಬೈಯಬಹುದಿತ್ತು, ಎದ್ದು ಹೋಗಬಹುದಿತ್ತು. ಚೀಸ್‌ಕೇಕ್ ತಿಂದರು.

ಸೋಮವಾರ ನನ್ನ ಕೆಲಸ ಹೋಯಿತು. ಸುರೇಶ ಮರುವಾರ ಆಫೀಸಿಗೆ ಫೋನ್ ಮಾಡಿಸಿ, ತಂತಿಯ ಹೊದಿಕೆಯ ಖರ್ಚು ತಾನು ಕೊಡುತ್ತೇನೆ, ಆದರೆ ದಕ್ಷಿಣದ ಸೇತುವೆಯನ್ನೂ ಫಲಕವನ್ನೂ ಮುಟ್ಟಬಾರದು ಅಂದರಂತೆ. ಇರಲಿ, ಕೋತಿಗಳು ಓದಿಕೊಳ್ಳಲಿ. ಹೊದಿಕೆ ಹಾಕುವ ಕೆಲಸ ಶುರುವಾಗಿದೆ ಅಂತ ಸೌರಭ್ ತಿಳಿಸಿದ್ದಾನೆ. ಪೂರ್ವದ ಹೆಣ್ಣು ಮಾತ್ರ ಈಗ ಹಾಡುತ್ತಿಲ್ಲವಂತೆ.

ನನ್ನ ಚಿಂತೆ ಮಾಡಬೇಡ. ಇಷ್ಟು ವರ್ಷ ಮ್ಯಾಪ್ ಮಾಡಿದವಳಿಗೆ ಎಲ್ಲಾದರೂ ದಾರಿ ಸಿಗುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲೇಜಿನಲ್ಲಿ ಪಾಠ ಮಾಡುವ ನಡುವೆ ಬರೀ ಕಾಫಿ ಕುಡಿದುಕೊಂಡು ಇರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ವಿದ್ಯೆ ನಿನ್ನ ಕೈ ಬಿಡದಿರಲಿ.

ನಿನ್ನ ಅಕ್ಕ,
ರಾಜಲಕ್ಷ್ಮಿ

ತಾ.ಕ.: ಆ ಮೀಟಿಂಗಿನ ಒಂದು ವಿಷಯ ಬರೆಯದೆ ಬಿಟ್ಟೆ. ನಾನು ಗಿಬ್ಬನ್ ಬೀಳುತ್ತೆ ಅಂದಮೇಲೆ ಹರಿಪ್ರಸಾದ, "ದಕ್ಷಿಣದ ಜಾಗ ಆಗುತ್ತೆ ಅಂದಿದ್ದು ನಿಮ್ಮ ತಂಗೀನೇ," ಅಂದರು. ಸುಳ್ಳು, ಅವಳು ಹಾಗೆ ಹೇಳುವವಳಲ್ಲ ಅಂತ ಎಲ್ಲರೆದುರು ಹೇಳಿದೆ. ಅವರು ಅಲ್ಲೇ ನಿನಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಅಲ್ಲೂ ಆಗುತ್ತೆ ಸರ್, ಪರವಾಗಿಲ್ಲ," ಅಂದೆ ನೀನು. ಮುಂದಿನ ಪ್ರಾಜೆಕ್ಟಿಗೆ ನಿನ್ನನ್ನೇ ಮುಖ್ಯಸ್ಥೆ ಮಾಡುವುದು ನೆನಪಿದೆ ಅಂತ ಅವರು ಅಂದಾಗ ನೀನು ಥ್ಯಾಂಕ್ಸ್ ಹೇಳಿದೆ. ನಾನು ಆ ಕೋಣೆಯಲ್ಲಿ ಇದ್ದೇನೆ ಅಂತ ನಿನಗೆ ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಸಾವಿನ ಸುದ್ದಿ ತಿಳಿಸಿದಾಗ ನೀನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ನಾನೇ ಸಮಾಧಾನ ಮಾಡಿದೆ. ಅಳು ನಿಂತ ಮೇಲಾದರೂ ನೀನು ಒಪ್ಪಿಗೆ ಕೊಟ್ಟ ವಿಷಯ ಹೇಳುತ್ತೀಯ ಅಂತ ಫೋನ್ ಇಡದೆ ಕಾದೆ. ನೀನು ಭಾವನ ಮಂಡಿನೋವು ಹೇಗಿದೆ ಅಂತ ಕೇಳಿದೆ.