ಹೆಬ್ಬೆರಳಿಗೊಂದು ಬೇರೆ ಕೋಣೆ

ಜಿದ್ದಾ
ಶುಕ್ರವಾರ, 17 ಜನವರಿ 2025

ಪೂರ್ವದಿಗ್ವಿಜಯ ಮುಗಿಸಿ ರಿಯಾದಿನ ಮಲಾಜ್‌ನಲ್ಲಿ ಬಿಡಾರ ಹೂಡಿರುವ, ಓಸಾಕಾ ಕೋಟೆಯ ಮೆಟ್ಟಿಲುಗಳನ್ನು ಸ್ವಪಾದಗಳಿಂದ ಸವೆಸಿದ, ಚಳಿಗೆ ಮೂಗು ಕೆಂಪಾದರೂ ಸೆಲ್ಫಿ ಬಿಡದ ವೀರವನಿತೆ ಶ್ರೀಮತಿ ಫರ್ಝಾನಾ ಇಮ್ತಿಯಾಜ್ ಅವರ ದಿವ್ಯ ಸನ್ನಿಧಾನಕ್ಕೆ, ಜಿದ್ದಾದಲ್ಲೇ ಉಳಿದ ಬಡ ತಂಗಿ ದುಆ ಮೂರು ಸಲ ಬಗ್ಗಿ ಮಾಡುವ ಸಲಾಂ.

ಅಕ್ಕಾ, ನೀನು ಕಳಿಸಿದ ಪೆಟ್ಟಿಗೆ ತಲುಪಿ ವಾರವಾಯಿತು. ತಡವಾದದ್ದಕ್ಕೆ ಕ್ಷಮೆಯಿರಲಿ. ಹೊಟ್ಟೆಕಿಚ್ಚು ಆರಲಿ ಎಂದು ಕಾಯುತ್ತಿದ್ದೆ. ಆರುವ ಲಕ್ಷಣ ಕಾಣಲಿಲ್ಲ, ಅದರ ಬೆಳಕಿನಲ್ಲೇ ಬರೆಯುತ್ತಿದ್ದೇನೆ. ಉಮ್ಮನ ಲೆಕ್ಕದಲ್ಲಿ ನಾನೀಗ ಹನ್ನೆರಡನೇ ಕ್ಲಾಸಿನ ಕೆಮಿಸ್ಟ್ರಿ ಓದುತ್ತಿದ್ದೇನೆ. ಕಾಗದದ ಮೇಲೆ, ಅದೂ ಕನ್ನಡದಲ್ಲಿ ಏಕೆಂದು ನಿನಗೆ ಗೊತ್ತು: ಸೌದಿಯಲ್ಲೇ ಹುಟ್ಟಿ ಬೆಳೆದ ನಿನ್ನ ಗಂಡನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಮೊಬೈಲಿನಲ್ಲಿ ಕಳಿಸಿದರೆ ಅದೇ ಅನುವಾದ ಮಾಡಿ ಹೇಳಿಬಿಡುತ್ತದೆ. ನನ್ನ ಕೈಬರಹವನ್ನು ಮಾತ್ರ ಯಾವ ಯಂತ್ರವೂ ಬಿಡಿಸಲಾರದು ಎಂದು ಉಮ್ಮನೇ ಸರ್ಟಿಫಿಕೇಟ್ ಕೊಟ್ಟಿದ್ದಾರೆ.

ರಿಯಾದಿನಿಂದ ಶರೀಫ್ ಮಾಮ ಕಾರಿನಲ್ಲಿ ತಂದ ಆ ಪೆಟ್ಟಿಗೆಗೆ ಭಾವ ಓಸಾಕಾದ ಹೋಟೆಲಿನಲ್ಲೇ ಹಗ್ಗ ಬಿಗಿದು, ನಾಲ್ಕೂ ಕಡೆ ಮಾರ್ಕರಿನಲ್ಲಿ ತಮ್ಮ ಹೆಸರು ಬರೆದಿದ್ದರಂತೆ. "ಜಪಾನಿಗೆ ಹೋದರೂ ಊರಿಗೆ ಹೊರಟವರ ಹಾಗೆ ಕಟ್ಟಿದ್ದಾನಲ್ಲ ಮಾರಾಯ್ತಿ" ಎಂದು ಉಮ್ಮ ನಕ್ಕರು. ಬಾಪ ಮಾತ್ರ ಗಂಟನ್ನು ಎಳೆದು ನೋಡಿ, "ಹುಡುಗ ಪರವಾಗಿಲ್ಲ" ಎಂದರು. ನಿನ್ನ ಮದುವೆಯ ಮಾತುಕತೆಯಲ್ಲೂ ಅವರು ಇಷ್ಟು ಹೊಗಳಿರಲಿಲ್ಲ.

ಒಳಗೆ ಉಮ್ಮನಿಗೆ ಚಾಕು, ಬಾಪನಿಗೆ ಫ್ಲಾಸ್ಕು, ನನಗೆ ಕಾಲುಚೀಲ. ಜನವರಿಯಲ್ಲೂ ಫ್ಯಾನ್ ತಿರುಗುವ ಊರಿನಲ್ಲಿ ಉಣ್ಣೆಯ ಕಾಲುಚೀಲ. ಅದರಲ್ಲೂ ಹೆಬ್ಬೆರಳಿಗೆ ಬೇರೆ ಕೋಣೆ. ಹಾಕಿ ನೋಡಿದೆ. ಉಳಿದ ಬೆರಳುಗಳು ಒಟ್ಟಿಗೆ ಹರಟೆಗೆ ಕೂತಿದ್ದವು, ಹೆಬ್ಬೆರಳು ಅತ್ತಿತ್ತ ನೋಡುತ್ತ ಒಂಟಿಯಾಗಿತ್ತು. ನೀನು ಹೋದ ಮೇಲೆ ನನಗೂ ಇಲ್ಲಿ ಬೇರೆ ಕೋಣೆಯಾಗಿದೆ ಎಂದು ನೆನಪಿಸಲು ಜಪಾನಿನವರೆಗೆ ಹೋಗಬೇಕಿತ್ತೇ?

ಈಗ ಭಾವನ ಮೇಲಿನ ದೋಷಾರೋಪಗಳು. ನೀನು ಫೋನಿನಲ್ಲಿ ಹೇಳಿದ್ದೇ ಸಾಕ್ಷಿ. ಚಾಕು ಕೊಳ್ಳುವಾಗ ಅಭ್ಯಾಸಬಲದಿಂದ "ಆಖಿರ್ ಕಲಾಮ್?" ಎಂದು ಅರಬಿಯಲ್ಲೇ ಕೊನೆಯ ಬೆಲೆ ಕೇಳಿ, ಬೇಡವೆಂಬಂತೆ ಬಾಗಿಲವರೆಗೆ ನಡೆದದ್ದು. ನಮ್ಮ ಶರಫಿಯಾ ಪೇಟೆಯಲ್ಲಾದರೆ ಅಂಗಡಿಯವನು "ತಆಲ್, ತಆಲ್" ಎಂದು ಹಿಂದೆಯೇ ಓಡಿಬಂದು ಕರೆಯುತ್ತಿದ್ದ. ಅಲ್ಲಿಯ ಮುದುಕ ಬಾಗಿಲು ತೆರೆದು ಹಿಡಿದು, ಬಗ್ಗಿ ಬೀಳ್ಕೊಟ್ಟ. ಭಾವನೂ ಬಗ್ಗಿದರು. ಅವನು ಮತ್ತೆ ಬಗ್ಗಿದ. ಕೊನೆಗೆ ಚಳಿಯಲ್ಲಿ ಒಂದು ಸುತ್ತು ಹಾಕಿ ಬಂದು ಪೂರ್ತಿ ಬೆಲೆಗೇ ತಂದರು. ಅದನ್ನು ನೋಡಿ ನೀನು ರಸ್ತೆಯಲ್ಲೇ ಕೂತು, ಹೊಟ್ಟೆ ಹಿಡಿದು ನಕ್ಕೆಯಂತೆ. ಆ ನಗು ನನ್ನ ತಮಾಷೆಗಳಿಗೆ ಮೀಸಲಾಗಿತ್ತು.

ಎರಡನೆಯ ಅಪರಾಧ ಘೋರ. "ನಾನು ಬಾಯಿ ಬಿಡ್ಲಿಲ್ಲ ದುಆ, ಅವರೇ ಕರ್ಕೊಂಡು ಹೋದ್ರು" ಎಂದೆ ನೀನು. ಹೋಟೆಲುಗಳು ತೋರಿಕೆಗೆ ಗಾಜಿನೊಳಗೆ ಇಡುವ ಮೇಣದ ಊಟ ಮಾರುವ ಓಣಿ, ಕೋಟೆಯ ಕಂದಕದ ಬಾತುಕೋಳಿಗಳು, ದೀಪದ ಬಣ್ಣಗಳೆಲ್ಲ ನೀರಿಗೆ ಬೀಳುವ ಕಾಲುವೆಯನ್ನು ದಾಟುವ ಸಂಕ. "ನನ್ನ ಮನಸ್ಸು ಎಷ್ಟು ಚಂದ ಓದ್ತಾರೆ ಗೊತ್ತುಂಟಾ?" ಆ ಮನಸ್ಸನ್ನು ಹುಟ್ಟಿದಂದಿನಿಂದ ಓದಿದ ನಾನು ಇತ್ತ ಫೋನ್ ಹಿಡಿದು "ಹೌದಾ, ಮಾಷಾ ಅಲ್ಲಾಹ್" ಎನ್ನುತ್ತಿದ್ದೆ. ಉಮ್ಮ ಅಳತೆಗಾಗಿ ದರ್ಜಿಯೊಡನೆ ಜಗಳವಾಡುವಾಗ, ಶರಫಿಯಾದ ಆ ಅಂಗಡಿಯ ಬಟ್ಟೆಸುರುಳಿಗಳ ಮೇಲೆ ಕೂತು ಶುಕ್ರವಾರ ಶುಕ್ರವಾರ ಮನಸ್ಸಿನಲ್ಲೇ ಓಸಾಕಾ ಸುತ್ತಿದವರು ನಾವಿಬ್ಬರು. ಆಗ ಭಾವ ಎಂಬ ಪ್ರಾಣಿ ಇರಲೇ ಇಲ್ಲ.

ಒಂದು ಮಾತ್ರ ಅರ್ಥವಾಗಲಿಲ್ಲ. ಕಟ್ಟಡದ ನೆತ್ತಿಯ ಮೇಲೆ ತಿರುಗುವ ಆ ಕೆಂಪು ಜೈಂಟ್ ವೀಲ್. ನಾವು ಪ್ರತಿ ಸಲವೂ ಕೊನೆಗೆ ಹತ್ತುತ್ತಿದ್ದದ್ದು ಅದನ್ನೇ. ಅದರ ಕೆಳಗೇ ನಿಂತು ಫೋಟೋ ತೆಗೆಸಿಕೊಂಡಿದ್ದೀ, ಹತ್ತಲಿಲ್ಲ. "ತಲೆ ತಿರುಗ್ತದೆ ಅಂತ ಅವಳೇ ಬೇಡ ಅಂದಳು" ಎಂದು ಭಾವ ಹೇಳಿದರು. ಜಿದ್ದಾ ಕಡಲದಂಡೆಯ ಜೈಂಟ್ ವೀಲಿನ ತುದಿಯಲ್ಲಿ ನಾನು ಕಣ್ಣುಮುಚ್ಚಿ ಗೊತ್ತಿದ್ದ ಸೂರಾಗಳನ್ನೆಲ್ಲ ಓದುತ್ತಿದ್ದಾಗ, ಪಕ್ಕದಲ್ಲಿ ಕಾಲಾಡಿಸುತ್ತ ಜೋಳ ತಿಂದವಳು ಯಾರು?

ಇರಲಿ. ಅಲ್ಲಾಹನು ನಿಮ್ಮಿಬ್ಬರನ್ನೂ ಸುಖವಾಗಿಡಲಿ. ಭಾವನಿಗೆ ಒಂದು ಚೂರು ಕಡಿಮೆ ಸಿಕ್ಕರೂ ನನ್ನ ಆಕ್ಷೇಪವಿಲ್ಲ.

ನಿನ್ನ ಹೆಬ್ಬೆರಳು,
ದುಆ

ತಾ.ಕ.: ಜಪಾನಿಗೆ ಹೊರಡುವ ಮೊದಲು ಭಾವ ನನಗೆ ಫೋನ್ ಮಾಡಿದ್ದರು. "ಅವಳಿಗೆ ಅಲ್ಲಿ ಎಂತ ನೋಡ್ಬೇಕು ಅಂತ ನಿನಗೇ ಗೊತ್ತಿರುವುದು. ನಾನು ಕೇಳಿದೆ ಅಂತ ಮಾತ್ರ ಹೇಳ್ಬೇಡ." ಮೇಣದ ಊಟ, ಬಾತುಕೋಳಿ, ಸಂಕ, ಎಲ್ಲ ಹೇಳಿಕೊಟ್ಟವಳು ನಾನೇ. ಕೆಂಪು ಚಕ್ರವನ್ನು ಮಾತ್ರ ನಮ್ಮಿಬ್ಬರಿಗೆಂದು ಮುಚ್ಚಿಟ್ಟೆ. ನೀನೂ ಹತ್ತಲಿಲ್ಲವಲ್ಲ, ಏಕೆಂದು ಕೇಳುವುದಿಲ್ಲ. ಮತ್ತೆ, ಆ ಕಾಲುಚೀಲ ಹಾಕಿಕೊಳ್ಳಬೇಕೆಂದೇ ಎಸಿ ಹಚ್ಚಿ, ಚಳಿ ಮಾಡಿಕೊಂಡು ಕೂತು ಇದನ್ನೆಲ್ಲ ಬರೆದದ್ದು.