ಚಾವಣಿ ತಟ್ಟದ ಕೈ

ಪೈನ್ ಹಾಲೋ, ವರ್ಜೀನಿಯಾ
ಸೋಮವಾರ, ಸೆಪ್ಟೆಂಬರ್ ೧೬

ಪ್ರೀತಿಯ ರಾಯ್ಸ್,

ಸೊಂಟನೋವು ಹೇಗಿದೆ? ಸಮುದ್ರದ ನಡುವೆ ಎಣ್ಣೆ ತೆಗೆಯುವ ಆ ಕಬ್ಬಿಣದ ಅಟ್ಟದ ಮೇಲೆ ನಿದ್ದೆ ಬರುತ್ತಿದೆಯೇ? ಬರುತ್ತಿದ್ದರೆ ಈ ಕಾಗದ ಓದಿದ ಮೇಲೆ ಬರುವುದಿಲ್ಲ. ನೀನು ದಡಕ್ಕೆ ಬಂದ ಕೂಡಲೇ ನಿನ್ನ ತಮ್ಮ ವೆಂಡೆಲನ ಫೋನು ಬರುತ್ತದೆ. ಅದಕ್ಕೆ ಮೊದಲು ನನ್ನ ಮಾತು ನಿನ್ನನ್ನು ಮುಟ್ಟಲಿ. ಎದುರಿಗಾದರೆ ನಡುವೆ ಬಾಯಿ ಹಾಕಿ ‘ಹೋಗ್ಲಿ ಬಿಡೇ, ನನ್ನ ತಮ್ಮ ಅಲ್ವಾ’ ಅನ್ನುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ.

ಶನಿವಾರದ ಕಾರ್ ರೇಸಿನಲ್ಲಿ ನಮ್ಮ ಕೋರಾ ಎಲ್ಲರಿಗಿಂತ ಮುಂದಿದ್ದಳು ರಾಯ್ಸ್! ಮಗಳ ಮೊದಲ ಗೆಲುವು, ಇನ್ನು ಮೂರೇ ಸುತ್ತು. ಬೇಲಿ ಹಿಡಿದು ಕಿರುಚಿ ನನ್ನ ಗಂಟಲೇ ಕಟ್ಟಿತ್ತು (ಊರಿನವರಿಗೆ ಅಷ್ಟಾದರೂ ನೆಮ್ಮದಿ). ಆ ಸುತ್ತಿನ ಕೊನೆಯ ತಿರುವಿನಲ್ಲಿ, ಅವಳ ಬೆನ್ನಿಗೇ ಓಡಿಸುತ್ತಿದ್ದ ನಿನ್ನ ತಮ್ಮ ತಿರುಗಿಬಿದ್ದ. ಹಿಂದಿನಿಂದ ಗುದ್ದಿದ, ಹುಡುಗಿಯ ಕಾರು ಬುಗುರಿಯಾಗಿ ಹುಲ್ಲಿಗೆ ಹೋಯಿತು. ಹಳದಿ ಬಾವುಟ ಬಂತು, ಕಾರುಗಳೆಲ್ಲ ನಿಧಾನವಾಗಿ ಸಾಲುಗಟ್ಟಿದವು. ನಮ್ಮ ಟ್ರ್ಯಾಕಿನ ಕ್ರಮ ನಿಮ್ಮಪ್ಪನ ಕಾಲದ್ದು: ಗುದ್ದಿದವನು ಬಾವುಟದವನ ಮುಂದೆ ಬಂದು, ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರಿನ ಚಾವಣಿ ತಟ್ಟಿದರೆ ತಪ್ಪು ಒಪ್ಪಿದ ಹಾಗೆ. ಅವನು ಸಾಲಿನ ಕೊನೆಗೆ, ಪೆಟ್ಟು ತಿಂದವರಿಗೆ ಅವರ ಜಾಗ ವಾಪಸ್ಸು. ತಟ್ಟದಿದ್ದರೆ ಪೆಟ್ಟು ತಿಂದವರೇ ಕೊನೆಗೆ. ಇಡೀ ಊರು ವೆಂಡೆಲನ ಕೈಯನ್ನೇ ನೋಡುತ್ತಿತ್ತು. ಕೈ ಎತ್ತಬೇಕಾದವನು ಕೈಕೊಟ್ಟ! ಚರ್ಚಿನಲ್ಲಿ ಕಾಣಿಕೆ ತಟ್ಟೆ ಬಂದಾಗ ಕೂರುತ್ತಾನಲ್ಲ, ಹಾಗೆ ನೆಟ್ಟಗೆ ಮುಂದೆ ನೋಡುತ್ತ ಕೂತ. ಗೆದ್ದ.

ಗೆದ್ದವನು ಕಾಗದದ ತಟ್ಟೆ ಹಿಡಿದು ನಮ್ಮ ಟ್ರಕ್ಕಿನ ಹತ್ತಿರವೇ ಬರಬೇಕೇ? ‘ಅತ್ತಿಗೇ, ಕರಿದ ಕೋಳಿ ಉಳಿದಿದ್ಯಾ? ತೊಡೆ ಇದ್ರೆ ಹಾಕಿ.’ ಕೋರಾಳಿಗೆ, ‘ಏ ಮರಿ, ಟ್ರ್ಯಾಕಿಗಿಳಿದ್ಮೇಲೆ ಚಿಕ್ಕಪ್ಪ ಗಿಕ್ಕಪ್ಪ ಏನಿಲ್ಲ’ ಅಂದ. ಚಿಕ್ಕಪ್ಪನಲ್ಲ, ಚಿಕ್ಕಬುದ್ಧಿಯಪ್ಪ! ‘ತೊಡೆ ಮುಗೀತು, ಸೌಟಿದೆ, ಬೇಕಾ?’ ಅಂದೆ. ನಕ್ಕ.

ಭಾನುವಾರದ್ದು ಕೇಳು. ನಜ್ಜುಗುಜ್ಜಾದ ತಗಡು ಬಡಿದು ಕೋರಾ ಮತ್ತೆ ಇಳಿದಳು. ನಡುವೆ ಎಲ್ಲೋ ಬ್ರೇಕು ತಡವಾಗಿ ಒತ್ತಿ ವೆಂಡೆಲನಿಗೆ ತಾಗಿಸಿದಳು. ಅವನು ಗಿರಗಿರ ತಿರುಗಿದ. ನಾನು ಕುಣಿದೆ, ಸುಳ್ಳೇಕೆ. ನಿನ್ನ ಮಗಳು ಮಾತ್ರ ಬಾವುಟದವನ ಮುಂದೆ ಬಂದು ಚಾವಣಿಯನ್ನು ದಬದಬ ತಟ್ಟಿದಳು! ತಾನು ಕೊನೆಗೆ ಹೋದಳು. ಅವನು ತನ್ನ ಜಾಗ ಪಡೆದು ಮತ್ತೆ ಗೆದ್ದ. ಬೈಯಲು ಹೋದರೆ ‘ತಾಗಿಸಿದ್ದು ನಾನೇ ಅಲ್ವಾ ಅಮ್ಮಾ’ ಅಂದಳು, ಅಷ್ಟೆ. ಬಹಳ ಹೊತ್ತು ಹೆಲ್ಮೆಟ್ ತೆಗೆಯಲಿಲ್ಲ. ಒಳಗೆ ಅಳುತ್ತಿದ್ದಳು ರಾಯ್ಸ್. ಅತ್ತ ಅವನು ಟ್ರೋಫಿ ತಬ್ಬಿಕೊಂಡು ಮೈಕಿನಲ್ಲಿ, ‘ಈ ಇಂಜಿನ್ ನಮ್ಮಣ್ಣ ಕೊಟ್ಟಿದ್ದು, ನಮ್ಮಣ್ಣ ದೇವ್ರು’ ಅಂದ. ಮಗಳಿಗೆ ಹಳೆಯದನ್ನು ಹಾಕಿ, ನೀನೇ ಕೂತು ಕಟ್ಟಿದ ಹೊಸ ಇಂಜಿನನ್ನು ತಮ್ಮನಿಗೆ ಎರವಲು ಕೊಟ್ಟ ದೇವರು! ಅವಳು ಪಕ್ಕದಲ್ಲೇ ನಿಂತು ಕೇಳಿದಳು.

ಹೊತ್ತಿಗೆ ಸರಿಯಾಗಿ ತಿನ್ನು, ಭಾರ ಎತ್ತಬೇಡ. ಸಿಟ್ಟು ನಿನ್ನ ಮೇಲೂ ಇದೆ. ಆದರೂ

ನಿನ್ನವಳೇ ಆದ,
ಆರ್ಲೀನ್

ತಾ.ಕ.: ಅಂಚೆಯವನು ಬಂದ, ಬೇಗ ಬರೆಯುತ್ತೇನೆ. ಬೆಳಗ್ಗೆ ವೆಂಡೆಲ್ ಕೆಲಸಕ್ಕೆ ಹೋದ ಮೇಲೆ ಅವನ ಶೆಡ್ಡಿನಲ್ಲಿದ್ದ ಕಾರಿನಿಂದ ಆ ಇಂಜಿನ್ ಬಿಚ್ಚಿ ತಂದೆ. ಅವನ ಹೆಂಡತಿಯೇ ಇಂಜಿನ್ ಎತ್ತುವ ರಾಟೆಯ ಸರಪಳಿ ಎಳೆದುಕೊಟ್ಟಳು. ಕೋರಾ ಮಾತ್ರ ‘ಅಪ್ಪ ಹೇಳದೆ ನಾನು ಮುಟ್ಟಲ್ಲ’ ಎಂದು ಹಟ ಹಿಡಿದಿದ್ದಾಳೆ. ದಡಕ್ಕೆ ಬಂದವನೇ ಮೊದಲು ಅವಳಿಗೆ ಫೋನ್ ಮಾಡು. ‘ಹಾಕ್ಕೋ ಮಗಳೇ’ ಅನ್ನು. ತಮ್ಮನ ಹೆಸರು ಎತ್ತಬೇಡ.